ಪ್ರೆಸಿಡೆಂಟ್ ಮಗ ಯುದ್ಧಕ್ಕೆ ಹೋದಾಗ

ಭಾಗ 1

ಹೋದ ತಿಂಗಳು ಹಾಕಿದ್ದ ಕಾರ್ಗಿಲ್ ಪೋಸ್ಟ್ ನೆನಪಿದೆಯಾ? ಅದರಲ್ಲಿ ಜಾಸ್ತಿ ಲೈಕ್ ಬಿದ್ದಿದ್ದು ನನ್ನ ಬರಹಕ್ಕಲ್ಲ, ಕೆಳಗಡೆ ಬಂದ ಒಂದು ಕಾಮೆಂಟ್‌ಗೆ. "ಮೊದ್ಲು ಈ ರಾಜಕಾರಣಿಗಳ ಮಕ್ಕಳನ್ನ ಬಾರ್ಡರ್‌ಗೆ ಕಳಿಸ್ಬೇಕು, ಆಗ ಗೊತ್ತಾಗುತ್ತೆ ಇವರಿಗೆ." ನಾನೂ ಹಾರ್ಟ್ ಒತ್ತಿದೆ. ನಮ್ಮ ತಾತ ರಾತ್ರಿ ನ್ಯೂಸ್ ಹಾಕ್ಕೊಂಡು ಕೂತಾಗಲೆಲ್ಲ ಹೇಳೋ ಮಾತು ಅದು. ಅದನ್ನ ಕೇಳಿಕೊಂಡೇ ನಾನು ಬೆಳೆದಿದ್ದೀನಿ.

ಆಮೇಲೆ ತಲೆಗೆ ಹುಳ ಬಿಟ್ಟಂಗಾಯ್ತು. ನಿಜವಾಗ್ಲೂ ಯಾರಾದ್ರೂ ಹೋಗಿದ್ದಾರಾ? ದೇಶ ಆಳೋನ ಮಗ ಯೂನಿಫಾರ್ಮ್ ಹಾಕ್ಕೊಂಡು ಫೋಟೋ ತೆಗೆಸ್ಕೊಂಡು ಬರೋದಲ್ಲ. ನಿಜವಾದ ಸೈನಿಕ, ನಿಜವಾದ ಯುದ್ಧ. ಹೋಗಿದ್ರೆ ಅಲ್ಲಿ ಏನಾಯ್ತು?

ಹುಡುಕ್ತಾ ಹೋದಾಗ ಸಿಕ್ಕಿದ ಹೆಸರು ಜಾನ್ ಐಸೆನ್‌ಹೋವರ್. ಅಮೆರಿಕದ 34ನೇ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಅವರ ಮಗ. ಅಪ್ಪ ಅಧ್ಯಕ್ಷ ಚುನಾವಣೆಗೆ ನಿಂತು ಗೆದ್ದ ವರ್ಷ ಮಗ ಕೊರಿಯಾ ಯುದ್ಧದಲ್ಲಿದ್ದ. ಬೇಡ ಅಂತ ಯಾರೂ ತಡೀಲಿಲ್ಲ, ಹೋಗಲೇಬೇಕು ಅಂತ ಯಾರೂ ತಳ್ಳಲೂ ಇಲ್ಲ. ಆದ್ರೆ ಹೋಗೋ ಮುಂಚೆ ಅಪ್ಪ ಒಂದು ಷರತ್ತು ಹಾಕಿದ್ರು, ಮಗ ಒಪ್ಪಿಕೊಂಡ. ಆ ಷರತ್ತು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಕಾರ್ಪೊರೇಟ್ ಅಕೌಂಟಿಂಗ್ ಟೆಸ್ಟ್ ಬೇರೆ ಇತ್ತು, ಆ ಕಥೆ ಬಿಡಿ.

ಸರಣಿ ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಭಾಗ 2

ಜಾನ್ ಹುಟ್ಟಿದ್ದು 1922ರ ಆಗಸ್ಟ್ 3, ಕೊಲರಾಡೋದ ಡೆನ್ವರ್‌ನಲ್ಲಿ, ಅಮ್ಮನ ತವರಿನ ಊರಲ್ಲಿ. ಅವನಿಗಿಂತ ಮುಂಚೆ ಆ ಮನೆಯಲ್ಲಿ ಇನ್ನೊಂದು ಗಂಡುಮಗು ಇತ್ತು. ಮುದ್ದಿನ ಹೆಸರು ಇಕ್ಕಿ. 1921ರ ಜನವರಿಯಲ್ಲಿ, ಮೂರು ವರ್ಷದ ಮಗು, ಸ್ಕಾರ್ಲೆಟ್ ಜ್ವರ ಬಂದು ತೀರಿಹೋಯ್ತು. ಹಾಗಾಗಿ ಜಾನ್ ಆ ದಂಪತಿಗೆ ಉಳಿದ ಒಬ್ಬನೇ ಮಗ. ಇದನ್ನ ಮನಸ್ಸಲ್ಲಿ ಇಟ್ಕೊಂಡು ಮುಂದಕ್ಕೆ ಓದಿ.

ಆಗ ಇದು ರಾಜಕೀಯದ ಮನೆ ಅಲ್ಲ, ಪಕ್ಕಾ ಮಿಲಿಟರಿ ಮನೆ. ಅಪ್ಪನಿಗೆ ವರ್ಗ ಆದ ಕಡೆಗೆಲ್ಲ ಗಂಟುಮೂಟೆ. ಪನಾಮಾ, ಪ್ಯಾರಿಸ್, ವಾಷಿಂಗ್ಟನ್, ಫಿಲಿಪ್ಪೀನ್ಸ್. ಜಾನ್ ಹೈಸ್ಕೂಲ್ ಓದಿದ್ದು ಫಿಲಿಪ್ಪೀನ್ಸ್‌ನ ಬಾಗಿಯೊ ಅನ್ನೋ ಗುಡ್ಡದ ಊರಲ್ಲಿ. 1941ರಲ್ಲಿ ಅಪ್ಪ ಓದಿದ್ದ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಗೇ ಸೇರಿದ.

ಸೇರಿದಾಗ ಅಪ್ಪನ ಹೆಸರು ಹೊರಗಿನವರಿಗೆ ಅಷ್ಟು ಗೊತ್ತಿರಲಿಲ್ಲ. ಪಾಸಾಗಿ ಹೊರಗೆ ಬರೋ ಹೊತ್ತಿಗೆ ಪ್ರಪಂಚಕ್ಕೆಲ್ಲ ಗೊತ್ತಿತ್ತು. ಹೇಗೆ ಅಂತೀರಾ? ಜಾನ್ ಪದವಿ ಪಡೆದ ದಿನ 1944ರ ಜೂನ್ 6. ಹೌದು, ಅದೇ ಡಿ-ಡೇ. ಅಪ್ಪ ಯುರೋಪಿನ ಮಿತ್ರಪಡೆಗಳ ಸರ್ವೋಚ್ಚ ಸೇನಾಧಿಪತಿ. ಅವರ ಆಜ್ಞೆ ಮೇಲೆ ಒಂದೂವರೆ ಲಕ್ಷದಷ್ಟು ಸೈನಿಕರು ನಾರ್ಮಂಡಿಯ ದಡಕ್ಕೆ ಇಳೀತಿದ್ದಾಗ, ಸಮುದ್ರದ ಈಚೆ ಮಗನ ಗ್ರಾಜುಯೇಷನ್ ನಡೀತಿತ್ತು. ಅಮ್ಮ ಮೇಮಿ ಮಾತ್ರ ಬಂದಿದ್ದರು.

ನಮ್ಮ ಕಾಲೇಜಿನ ಗ್ರಾಜುಯೇಷನ್ ಡೇಗೆ ಅಪ್ಪ ಬರಲ್ಲ ಅಂದ್ರೆ ನಮಗೆ ಬೇಜಾರಾಗುತ್ತೆ. ಇವನ ಅಪ್ಪನ ಕಾರಣ ನೋಡಿ.

ಭಾಗ 3

ಸೇನೆಯ ಮುಖ್ಯಸ್ಥ ಜನರಲ್ ಮಾರ್ಷಲ್ ಒಂದು ಒಳ್ಳೇ ಕೆಲಸ ಮಾಡಿದ್ರು. ಹೊಸ ಲೆಫ್ಟಿನೆಂಟ್‌ನ ಕೆಲವು ವಾರ ಅಪ್ಪನ ಹತ್ರ ಇಂಗ್ಲೆಂಡ್‌ಗೆ ಕಳಿಸಿದ್ರು. ಅಲ್ಲಿ ನಡೆದ ಎರಡು ಪ್ರಸಂಗ ನನಗೆ ತುಂಬಾ ಇಷ್ಟ.

ಜಾನ್‌ಗೆ ಸೆಲ್ಯೂಟ್ ಬಗ್ಗೆ ಗೊಂದಲ. ಅಪ್ಪನ ಜೊತೆ ನಡ್ಕೊಂಡು ಹೋಗ್ವಾಗ ಎದುರಿಗೆ ಒಬ್ಬ ಅಧಿಕಾರಿ ಬಂದ. ಅವನು ನನಗಿಂತ ಮೇಲು, ನಿಮಗಿಂತ ಕೆಳಗೆ. ಆಗ ಮೊದ್ಲು ಸೆಲ್ಯೂಟ್ ಮಾಡ್ಬೇಕಾದ್ದು ಯಾರು? ಅಪ್ಪನಿಗೆ ತಲೆ ಬಿಸಿ ಆಯ್ತು. ಈ ಇಡೀ ಯುದ್ಧರಂಗದಲ್ಲಿ ನಿನಗಿಂತ ಕೆಳಗಿನ ಅಧಿಕಾರಿ ಒಬ್ಬನೂ ಇಲ್ಲ, ನನಗಿಂತ ಮೇಲಿನವರೂ ಇಲ್ಲವೇ ಇಲ್ಲ ಅನ್ನಬಹುದು, ಸುಮ್ನಿರು ಅನ್ನೋ ಅರ್ಥದಲ್ಲಿ ಹೇಳಿದ್ರಂತೆ.

ಇನ್ನೊಂದು ನಾರ್ಮಂಡಿಯಲ್ಲಿ. ದಾರಿ ತುಂಬ ಮಿಲಿಟರಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ನಿಂತಿದ್ವು. ಅಕಾಡೆಮಿಯಲ್ಲಿ ಕಲಿತ ಪಾಠ ಇನ್ನೂ ಬಿಸಿಬಿಸಿ ಇದ್ದ ಹುಡುಗ, ಆಕಾಶದಲ್ಲಿ ನಮ್ಮ ಹಿಡಿತ ಇಲ್ಲದಿದ್ರೆ ಹೀಗೆಲ್ಲ ನಿಲ್ಸೋಕೆ ಆಗ್ತಿರ್ಲಿಲ್ಲ ಅಂದ. ಆ ಹಿಡಿತ ಇಲ್ಲದಿದ್ರೆ ನಾನು ಇಲ್ಲಿ ಇರ್ತಾನೇ ಇರ್ಲಿಲ್ಲ ಅಂದ್ರು ಅಪ್ಪ. ಪುಸ್ತಕ ಓದಿ ಬಂದ ಮಗನಿಗೂ ಅಂಗಡಿ ನಡೆಸೋ ಅಪ್ಪನಿಗೂ ನಮ್ಮ ಕಡೆ ನಡೆಯೋ ಮಾತೇ ಅಲ್ವಾ ಇದು?

ರಜೆ ಮುಗೀತು. ಕಾಲಾಳುಪಡೆಯ ಅಧಿಕಾರಿಯಾಗಿ ಜಾನ್ ಮತ್ತೆ ಯುರೋಪಿಗೆ ಹೋದ. ಒಂದು ಪ್ಲಟೂನ್ ಮುನ್ನಡೆಸೋದು ಅವನ ಕೆಲಸ. ಆದ್ರೆ ಐಸೆನ್‌ಹೋವರ್ ಮತ್ತು ಜನರಲ್ ಬ್ರಾಡ್ಲಿ ಸೇರಿ ಅವನನ್ನ ನೇರ ಹೋರಾಟದಿಂದ ಹಿಂದಕ್ಕೆ ಸರಿಸಿದ್ರು. ಸರ್ವೋಚ್ಚ ಸೇನಾಧಿಪತಿಯ ಮಗ ಜರ್ಮನ್ನರ ಕೈಗೆ ಸಿಕ್ಕಿದ್ರೆ ಏನು ಗತಿ ಅನ್ನೋ ಭಯ.

ಸಹಪಾಠಿಗಳು ಮುಂದಕ್ಕೆ, ಇವನು ಹಿಂದಕ್ಕೆ. ಟೀಮಲ್ಲಿ ಹೆಸರಿದೆ, ಆದ್ರೆ ಮ್ಯಾಚ್ ಪೂರ್ತಿ ಬೆಂಚಲ್ಲಿ ಕೂರೋದು. ಯುದ್ಧ ಮುಗೀತು, ಆ ಕೊರಗು ಮುಗೀಲಿಲ್ಲ ಅಂತ ನನಗನ್ಸುತ್ತೆ. 1952ರಲ್ಲಿ ಅವನು ಹಟ ಹಿಡಿದಿದ್ದಕ್ಕೆ ಬೇರು ಇಲ್ಲೇ ಇದೆ.

ಭಾಗ 4

ನಡುವಿನ ವರ್ಷಗಳನ್ನ ಬೇಗ ಹೇಳಿ ಮುಗಿಸ್ತೀನಿ. 1947ರಲ್ಲಿ ಬಾರ್ಬರಾ ಜೊತೆ ಮದುವೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ವೆಸ್ಟ್ ಪಾಯಿಂಟ್‌ನಲ್ಲೇ ಇಂಗ್ಲಿಷ್ ಮೇಷ್ಟ್ರು. ಮೂರು ಮಕ್ಕಳು, ನಾಲ್ಕನೆಯದು ಆಮೇಲೆ ಹುಟ್ಟಿದ್ದು.

1952ರ ಜುಲೈ. ಷಿಕಾಗೋದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ. ಐಸೆನ್‌ಹೋವರ್ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಅಂತ ಘೋಷಣೆ ಆಯ್ತು. ಮಿಲಿಟರಿ ಮನೆ ಒಂದೇ ದಿನದಲ್ಲಿ ರಾಜಕೀಯದ ಮನೆ ಆಗಿಹೋಯ್ತು. ಬ್ಲ್ಯಾಕ್‌ಸ್ಟೋನ್ ಹೋಟೆಲಿನಲ್ಲಿ ಅಪ್ಪ-ಮಗ ಮುಖಾಮುಖಿ ಕೂತರು. ಮಗನ ಕೈಯಲ್ಲಿ ಕೊರಿಯಾಗೆ ಹೋಗೋ ಆರ್ಡರ್ ಇತ್ತು.

ಅಪ್ಪ ತಡೀಬಹುದಿತ್ತು, ಒಂದು ಫೋನ್ ಸಾಕಿತ್ತು. ತಡೀಲಿಲ್ಲ. ನೀನು ಸತ್ರೆ ಅಥವಾ ಗಾಯಗೊಂಡ್ರೆ ಆ ನೋವನ್ನ ನಾನು ತಡ್ಕೋತೀನಿ, ಆದ್ರೆ ಯಾವ ಕಾರಣಕ್ಕೂ ಸೆರೆ ಸಿಗಬಾರದು. ಚೀನೀಯರೋ ಉತ್ತರ ಕೊರಿಯಾದವರೋ ನಿನ್ನ ಹಿಡಿದು ಬ್ಲ್ಯಾಕ್‌ಮೇಲ್ ಮಾಡಿದ್ರೆ ನಾನು ಅಧ್ಯಕ್ಷ ಪದವಿ ಬಿಡಬೇಕಾಗಿ ಬರಬಹುದು. ಅಪ್ಪನ ಮಾತಿನ ಸಾರಾಂಶ ಇದು.

ಮಗ ಒಪ್ಪಿದ. ಹಿಡಿದುಕೊಳ್ಳೋಕೆ ಬಂದ್ರೆ ನನ್ನ ಜೀವ ನಾನೇ ತೆಗೆದುಕೊಳ್ತೀನಿ ಅಂತ ಮಾತು ಕೊಟ್ಟ.

ಒಂದು ಸಲ ನಿಲ್ಲಿ. ಆ ರೂಮನ್ನ ಕಣ್ಮುಂದೆ ತಂದ್ಕೊಳ್ಳಿ. ಹೊರಗೆ ಜೈಕಾರ, ಬ್ಯಾಂಡು, ಬಾವುಟ. ಒಳಗೆ, ಒಂದು ಮಗುವನ್ನ ಆಗಲೇ ಮಣ್ಣು ಮಾಡಿದ ಅಪ್ಪ, ಉಳಿದ ಇನ್ನೊಬ್ಬನ ಬಾಯಿಂದ ಈ ಮಾತು ಕೇಳ್ತಿದ್ದಾರೆ. ಮಗನಿಗೆ ಮೂವತ್ತು ತುಂಬೋಕೆ ಇನ್ನೂ ಕೆಲವು ವಾರ ಇದೆ.

ಬಿಕಾಂ ಓದೋರಿಗೆ ಕಂಟಿಂಜೆಂಟ್ ಲಯಬಿಲಿಟಿ ಗೊತ್ತು. ಮುಂದೆ ಏನೋ ಆದ್ರೆ ಮಾತ್ರ ಕಟ್ಟಬೇಕಾದ ಸಾಲ. ಬ್ಯಾಲೆನ್ಸ್ ಶೀಟ್‌ನ ಮೊತ್ತದಲ್ಲಿ ಕಾಣಲ್ಲ, ಕೆಳಗೆ ನೋಟ್ಸಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಐಸೆನ್‌ಹೋವರ್ ಗೆಲುವಿನ ಲೆಕ್ಕದ ಕೆಳಗೂ ಅಂಥದ್ದೊಂದು ನೋಟ್ ಇತ್ತು, ಮತ ಹಾಕಿದ ಜನಕ್ಕೆ ಅದು ಗೊತ್ತಿರಲಿಲ್ಲ.

ಭಾಗ 5

ಅತಿಯಾಯ್ತು ಅನ್ಸುತ್ತಾ? ನನಗೂ ಮೊದ್ಲು ಹಾಗೇ ಅನ್ಸ್ತು. ಆಮೇಲೆ ಆ ಕಾಲದ ಬೇರೆ ಕಥೆಗಳನ್ನ ಓದಿದೆ.

ಯಾಕೋವ್ ಜುಗಾಶ್ವಿಲಿ. ಸ್ಟಾಲಿನ್‌ನ ಹಿರಿಮಗ, ಫಿರಂಗಿ ಪಡೆಯ ಅಧಿಕಾರಿ. 1941ರ ಜುಲೈನಲ್ಲಿ ಜರ್ಮನ್ನರಿಗೆ ಸೆರೆ ಸಿಕ್ಕಿದ. ಅವರು ಅವನ ಫೋಟೋ ಹಾಕಿ ಕರಪತ್ರ ಛಾಪಿಸಿ ರಷ್ಯನ್ ಸೈನಿಕರ ಮೇಲೆ ಸುರಿದ್ರು. ನಿಮ್ಮ ನಾಯಕನ ಮಗನೇ ನಮ್ಮ ಹತ್ರ ಇದ್ದಾನೆ, ನೀವ್ಯಾಕೆ ಸಾಯ್ತೀರಾ ಅನ್ನೋ ಧಾಟಿ. ಆಗಸ್ಟ್‌ನಲ್ಲಿ ಸ್ಟಾಲಿನ್ 270ನೇ ಸಂಖ್ಯೆಯ ಆದೇಶ ಹೊರಡಿಸಿದ, ಶರಣಾಗೋ ಅಧಿಕಾರಿಗಳು ದ್ರೋಹಿಗಳು, ಅವರ ಮನೆಯವರನ್ನೂ ಬಂಧಿಸಬಹುದು ಅಂತ. ಯಾಕೋವ್ ಹೆಂಡತಿ ಜೈಲಿಗೆ ಹೋದಳು, ಅದೂ ಸ್ವಂತ ಮಾವನ ಆಡಳಿತದಲ್ಲಿ! ಮಗನನ್ನ ಬಿಡಿಸಿಕೊಳ್ಳೋಕೆ ಸ್ಟಾಲಿನ್ ಒಪ್ಪಲಿಲ್ಲ. 1943ರ ಏಪ್ರಿಲ್‌ನಲ್ಲಿ ಯಾಕೋವ್ ಜರ್ಮನಿಯ ಝಾಕ್ಸನ್‌ಹೌಸೆನ್ ಶಿಬಿರದಲ್ಲಿ ಸತ್ತ.

1945ರ ಆಗಸ್ಟ್‌ನಲ್ಲಿ ಐಸೆನ್‌ಹೋವರ್ ಮಾಸ್ಕೋಗೆ ಹೋದಾಗ ಜಾನ್ ಕೂಡ ಜೊತೆಗಿದ್ದ. ಸ್ಟಾಲಿನ್ ಪಕ್ಕ ಲೆನಿನ್ ಸಮಾಧಿಯ ಮೇಲೆ ಅವನ ಅಪ್ಪ ನಿಂತಿದ್ದರು. ಒಬ್ಬರ ಮಗ ಸೆರೆಯಲ್ಲಿ ಸತ್ತಿದ್ದ, ಇನ್ನೊಬ್ಬರ ಮಗ ಸೆರೆ ಸಿಗಬಾರದು ಅಂತ ಹಿಂದೆ ಉಳಿಸಲ್ಪಟ್ಟಿದ್ದ.

ಇನ್ನು ಕೊರಿಯಾ. ಅಲ್ಲಂತೂ ಇಡೀ ಯುದ್ಧವೇ ಕೈದಿಗಳ ಪ್ರಶ್ನೆಯ ಮೇಲೆ ಸಿಕ್ಕಿಹಾಕಿಕೊಂಡಿತ್ತು. ಶಾಂತಿ ಮಾತುಕತೆ ಶುರುವಾಗಿದ್ದು 1951ರ ಜುಲೈ, ಒಪ್ಪಂದ ಆಗಿದ್ದು 1953ರ ಜುಲೈ 27. ಅದರಲ್ಲಿ ಬಹುಪಾಲು ಸಮಯ ಹೋಗಿದ್ದು ಒಂದೇ ತಕರಾರಿಗೆ: ಯುದ್ಧಕೈದಿಗಳನ್ನ ಅವರಿಗೆ ಇಷ್ಟ ಇಲ್ಲದಿದ್ರೂ ಊರಿಗೆ ವಾಪಸ್ ಕಳಿಸ್ಬೇಕಾ ಬೇಡ್ವಾ. ಅಮೆರಿಕದ ಮೇಜರ್ ಜನರಲ್ ವಿಲಿಯಂ ಡೀನ್ 1950ರಿಂದಲೇ ಉತ್ತರ ಕೊರಿಯಾದವರ ಸೆರೆಯಲ್ಲಿದ್ದರು. 1952ರ ಮೇ ತಿಂಗಳಲ್ಲಂತೂ ಕೋಜೆ ದ್ವೀಪದ ಶಿಬಿರದಲ್ಲಿ ಕೈದಿಗಳೇ ಶಿಬಿರದ ಅಮೆರಿಕನ್ ಕಮಾಂಡರ್ ಜನರಲ್ ಡಾಡ್‌ನ ಒಳಗೆಳೆದು ಹಿಡಿದಿಟ್ಟುಕೊಂಡು ಬೇಡಿಕೆ ಪಟ್ಟಿ ಕೊಟ್ಟಿದ್ದರು. ಇದಾಗಿ ಎರಡು ತಿಂಗಳಿಗೆ ಷಿಕಾಗೋದ ಆ ಮಾತುಕತೆ.

ಈಗ ಹೇಳಿ, ಅಪ್ಪನ ಭಯ ಅತಿಯಾಗಿತ್ತಾ?

ಭಾಗ 6

ಕೊರಿಯಾದಲ್ಲಿ ಮೇಜರ್ ಜಾನ್ ಐಸೆನ್‌ಹೋವರ್ 3ನೇ ಡಿವಿಷನ್‌ನ 15ನೇ ಕಾಲಾಳು ರೆಜಿಮೆಂಟಿನ ಒಂದು ಬೆಟಾಲಿಯನ್‌ನಲ್ಲಿದ್ದ. ಅಪ್ಪನೂ ಹಿಂದೊಮ್ಮೆ ಇದೇ ರೆಜಿಮೆಂಟಲ್ಲಿ ಕೆಲಸ ಮಾಡಿದ್ದರು. ಈ ಸಲ ಬೆಂಚಲ್ಲ, ನಿಜವಾದ ಯುದ್ಧ ನೋಡಿದ.

ಅಲ್ಲಿ ಜಾನ್ ಒಬ್ಬನೇ ದೊಡ್ಡವರ ಮಗ ಆಗಿರಲಿಲ್ಲ. ಆ 8ನೇ ಸೇನೆಯ ದಂಡನಾಯಕ ಜನರಲ್ ವ್ಯಾನ್ ಫ್ಲೀಟ್. ಅವರ ಒಬ್ಬನೇ ಮಗ ಜಿಮ್ಮಿ ವಾಯುಸೇನೆಯ ಪೈಲಟ್. 1952ರ ಏಪ್ರಿಲ್‌ನಲ್ಲಿ ಅದೇ ಕೊರಿಯಾದಲ್ಲಿ ಬಾಂಬ್ ಹಾಕೋಕೆ ಹೋದವನು ವಾಪಸ್ ಬರಲಿಲ್ಲ. ದೇಹವೂ ಸಿಗಲಿಲ್ಲ. ಜಾನ್ ಬರುವಾಗ ಆ ಅಪ್ಪ ಇನ್ನೂ ಅದೇ ಕುರ್ಚಿಯಲ್ಲಿ ಕೂತು ಯುದ್ಧ ನಡೆಸ್ತಿದ್ದರು.

ಎದುರಿನ ಪಾಳೆಯದಲ್ಲೂ ಹೀಗೇ. ಮಾವೋ ಝೆಡಾಂಗ್‌ನ ಹಿರಿಮಗ ಮಾವೋ ಆನ್‌ಯಿಂಗ್. ಹುಟ್ಟಿದ್ದು 1922ರ ಅಕ್ಟೋಬರ್, ಅಂದ್ರೆ ಜಾನ್‌ಗಿಂತ ಎರಡೂವರೆ ತಿಂಗಳು ಚಿಕ್ಕವನು. ಚೀನೀ ದಂಡನಾಯಕ ಪೆಂಗ್ ಡೆಹುವಾಯ್ ಕಚೇರಿಯಲ್ಲಿ ರಷ್ಯನ್ ದುಭಾಷಿ. 1950ರ ನವೆಂಬರ್ 25ರಂದು ಅಮೆರಿಕದ ವಿಮಾನ ದಾಳಿಯಲ್ಲಿ ಸತ್ತ. ಸಮಾಧಿ ಇವತ್ತಿಗೂ ಉತ್ತರ ಕೊರಿಯಾದ ಮಣ್ಣಲ್ಲೇ ಇದೆ.

ನಮ್ಮ ಕಾಮೆಂಟ್ ಪ್ರಕಾರ ದೊಡ್ಡವರ ಮಕ್ಕಳು ಹೋದ್ರೆ ಯುದ್ಧ ನಿಲ್ಲಬೇಕು. ಇಲ್ಲಿ ಎರಡೂ ಕಡೆ ಹೋಗಿದ್ದರು. ಮಾವೋ ಮಗ ಸತ್ತ ಮೇಲೆ ಎರಡೂಮುಕ್ಕಾಲು ವರ್ಷ, ವ್ಯಾನ್ ಫ್ಲೀಟ್ ಮಗ ಹೋದ ಮೇಲೆ ಒಂದೂಕಾಲು ವರ್ಷ ಯುದ್ಧ ನಡೀತು. ಇದನ್ನ ಬರೀವಾಗ ನನಗೇ ಕಸಿವಿಸಿ ಆಯ್ತು, ಯಾಕಂದ್ರೆ ಆ ಕಾಮೆಂಟ್‌ಗೆ ಹಾರ್ಟ್ ಒತ್ತಿದವನು ನಾನೇ.

ನವೆಂಬರ್‌ನಲ್ಲಿ ಐಸೆನ್‌ಹೋವರ್ ಗೆದ್ದರು. ಕೊರಿಯಾಗೆ ಹೋಗ್ತೀನಿ ಅಂತ ಪ್ರಚಾರದಲ್ಲಿ ಮಾತು ಕೊಟ್ಟಿದ್ದರು, ಡಿಸೆಂಬರ್ ಮೊದಲ ವಾರದಲ್ಲಿ ಹೋದರು. ಮಗನನ್ನೂ ನೋಡಿದರು. ಬೆಟಾಲಿಯನ್‌ನಲ್ಲಿದ್ದ ಜಾನ್‌ನ ಆಮೇಲೆ ಡಿವಿಷನ್ ಹೆಡ್‌ಕ್ವಾರ್ಟರ್ಸ್‌ಗೆ ಹಾಕಿದರು. ಮತ್ತೆ ಹಿಂದಕ್ಕೆ.

1953ರ ಜನವರಿ 20, ಪ್ರಮಾಣವಚನ. ನೋಡ್ತಾರೆ, ಜಾನ್ ವಾಷಿಂಗ್ಟನ್‌ನಲ್ಲಿದ್ದಾನೆ! ಇವನನ್ನ ಕರೆಸಿದ್ದು ಯಾರು ಅಂತ ಐಸೆನ್‌ಹೋವರ್‌ಗೆ ಇರುಸುಮುರುಸು. ಬೇರೆಯವರ ಮಕ್ಕಳೆಲ್ಲ ಯುದ್ಧದಲ್ಲಿರುವಾಗ ನನ್ನ ಮಗನಿಗೆ ಮಾತ್ರ ರಜೆ ಅಂದ್ರೆ ಜನ ಏನಂತಾರೆ? ಕರೆಸಿದ್ದು ಬೇರೆ ಯಾರೂ ಅಲ್ಲ, ಅವತ್ತು ಅಧಿಕಾರ ಬಿಟ್ಟು ಹೊರಟಿದ್ದ ಟ್ರೂಮನ್. ಇಬ್ಬರಿಗೂ ಆ ಹೊತ್ತಿಗೆ ಮಾತೇ ಸರಿ ಇರಲಿಲ್ಲ, ಆದ್ರೂ ಈ ಒಂದು ಕೆಲಸ ಮಾಡಿದ್ದರು. ಕೆಲವೇ ದಿನಕ್ಕೆ ಐಸೆನ್‌ಹೋವರ್ ಥ್ಯಾಂಕ್ಸ್ ಹೇಳಿ ಪತ್ರ ಬರೆದರು. ಜಾನ್ ಕೊರಿಯಾಗೆ ವಾಪಸ್ ಹೋದ.

ಭಾಗ 7

ಇದು ಚಿಕ್ಕ ಭಾಗ, ಆದ್ರೆ ನಮ್ಮವರ ಭಾಗ.

ಕೊರಿಯಾದ ಕದನವಿರಾಮ ಆದಮೇಲೂ ಊರಿಗೆ ಹೋಗಲ್ಲ ಅಂತ ಕೂತ 22 ಸಾವಿರಕ್ಕೂ ಹೆಚ್ಚು ಕೈದಿಗಳು ಉಳಿದಿದ್ದರು. ಅವರನ್ನ ಯಾರು ನೋಡ್ಕೋಬೇಕು? ಎರಡೂ ಕಡೆಯವರು ಒಪ್ಪಿದ್ದು ಭಾರತವನ್ನ. ಐದು ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಯಾವ ಪ್ರಶ್ನೆಗೆ ಹೆದರಿ ಷಿಕಾಗೋದ ಅಪ್ಪ ಮಗನಿಗೆ ಆ ಷರತ್ತು ಹಾಕಿದರೋ, ಅದೇ ಯುದ್ಧಕೈದಿಗಳ ಪ್ರಶ್ನೆಯನ್ನ ಕೈಗೆತ್ತಿಕೊಂಡಿದ್ದು ಒಬ್ಬ ಕೊಡಗಿನವರು. ಮಡಿಕೇರಿಗೆ ಹೋದ್ರೆ ರಾಜಾಸೀಟ್ ಒಂದೇ ನೋಡಿ ಬರಬೇಡಿ. ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ, ಅಲ್ಲಿಗೂ ಹೋಗಿ.

1959ರ ಡಿಸೆಂಬರ್‌ನಲ್ಲಿ ಐಸೆನ್‌ಹೋವರ್ ಭಾರತಕ್ಕೆ ಬಂದರು, ಇಲ್ಲಿಗೆ ಬಂದ ಮೊದಲ ಅಮೆರಿಕ ಅಧ್ಯಕ್ಷ. ಮೇಮಿ ಬಂದಿರಲಿಲ್ಲ, ಜೊತೆಯಲ್ಲಿ ಬಂದಿದ್ದು ಜಾನ್ ಮತ್ತು ಸೊಸೆ ಬಾರ್ಬರಾ. ಆಗ ನಮ್ಮ ಭೂಸೇನೆಯ ಮುಖ್ಯಸ್ಥರು ತಿಮ್ಮಯ್ಯನವರೇ.

ಭಾಗ 8

ಈ ಭಾಗಕ್ಕೋಸ್ಕರವೇ ನಾನು ಸರಣಿ ಬರೆಯೋಕೆ ಕೂತಿದ್ದು.

1958ರಿಂದ ಜಾನ್ ಶ್ವೇತಭವನದಲ್ಲಿದ್ದ. ಮಗನಾಗಿ ಅಲ್ಲ, ಸೇನಾಧಿಕಾರಿಯಾಗಿ. ಜನರಲ್ ಗುಡ್‌ಪಾಸ್ಟರ್ ಕೈಕೆಳಗೆ ಸಹಾಯಕ ಸ್ಟಾಫ್ ಕಾರ್ಯದರ್ಶಿ. ಅಪ್ಪನ ಮೇಜಿಗೆ ಹೋಗೋ ಗುಪ್ತ ಕಾಗದಪತ್ರ ನೋಡೋ ಕೆಲಸ. ಅಂದ್ಹಾಗೆ ಆ 'ಕ್ಯಾಂಪ್ ಡೇವಿಡ್' ಕೇಳಿದ್ದೀರಲ್ಲ, ಆ ಡೇವಿಡ್ ಅಂದ್ರೆ ಜಾನ್‌ನ ಮಗ. ತಾತ ಮೊಮ್ಮಗನ ಹೆಸರಿಟ್ಟಿದ್ದು. ಅದೇ ಡೇವಿಡ್ ಮುಂದೆ ನಿಕ್ಸನ್ ಮಗಳನ್ನ ಮದುವೆ ಆದ. 1959ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಖ್ರುಶ್ಚೇವ್ ಅಮೆರಿಕಕ್ಕೆ ಬಂದಾಗ ಗೆಟ್ಟಿಸ್‌ಬರ್ಗ್‌ನ ತೋಟದ ಮನೆಯಲ್ಲಿ ಜಾನ್ ಮಕ್ಕಳನ್ನ ಮಾತಾಡಿಸಿ, ನಮ್ಮ ದೇಶಕ್ಕೆ ಬನ್ನಿ ಅಂತ ಕರೆದಿದ್ದರು. ಎಲ್ಲಾ ಸರಿ ಹೋಗ್ತಿದೆ ಅನ್ನೋ ಕಾಲ.

1960ರ ಮೇ 1. ರಷ್ಯಾದ ಮೇಲೆ ಗೂಢಚರ್ಯೆಗೆ ಹೋಗಿದ್ದ ಯು-2 ವಿಮಾನ ಬಿತ್ತು. ಇಷ್ಟು ಎತ್ತರದಿಂದ ಬಿದ್ದ ಮೇಲೆ ಪೈಲಟ್ ಬದುಕಿರಲ್ಲ ಅಂತ ಸಿಐಎ ನಂಬಿಸಿತ್ತು. ಅದನ್ನೇ ನಂಬಿ, ಅದು ಹವಾಮಾನ ಅಧ್ಯಯನದ ವಿಮಾನ ಅಂತ ಅಮೆರಿಕ ಸುಳ್ಳು ಹೇಳ್ತು. ಖ್ರುಶ್ಚೇವ್ ಸ್ವಲ್ಪ ದಿನ ಸುಮ್ನಿದ್ದು, ಆಮೇಲೆ ಪೈಲಟ್ ಜೀವಂತ ನಮ್ಮ ಕೈಯಲ್ಲಿದ್ದಾನೆ ಅಂತ ಹೇಳಿದರು. ಅಧ್ಯಕ್ಷರ ಮಾತು ಇಡೀ ಪ್ರಪಂಚದ ಎದುರು ಸುಳ್ಳಾಯ್ತು. ಆ ತಿಂಗಳ ಪ್ಯಾರಿಸ್ ಶೃಂಗಸಭೆ ಮುರಿದುಬಿತ್ತು, ಐಸೆನ್‌ಹೋವರ್ ರಷ್ಯಾ ಪ್ರವಾಸವೂ ರದ್ದಾಯ್ತು.

ಪೈಲಟ್ ಹೆಸರು ಫ್ರಾನ್ಸಿಸ್ ಗ್ಯಾರಿ ಪವರ್ಸ್. ಅವನ ಹತ್ರ ಒಂದು ಬೆಳ್ಳಿ ಡಾಲರ್ ನಾಣ್ಯ ಇತ್ತು, ಅದರೊಳಗೆ ವಿಷದ ಸೂಜಿ. ಬಳಸಲೇಬೇಕು ಅಂತ ಆಜ್ಞೆ ಇರಲಿಲ್ಲ. ಅವನು ಬಳಸಲಿಲ್ಲ. ಬದುಕಿದ, ಸೆರೆಯಾದ, ಮಾಸ್ಕೋದಲ್ಲಿ ವಿಚಾರಣೆ ನಡೆದು ಹತ್ತು ವರ್ಷ ಶಿಕ್ಷೆ ಆಯ್ತು. 1962ರ ಫೆಬ್ರವರಿಯಲ್ಲಿ ಬರ್ಲಿನ್ ಹತ್ರದ ಸೇತುವೆ ಮೇಲೆ ರಷ್ಯನ್ ಗೂಢಚಾರಿಗೆ ಬದಲಾಗಿ ಬಿಡುಗಡೆ. ಊರಿಗೆ ಬಂದ ಮೇಲೆ, ಸೂಜಿ ಚುಚ್ಕೊಳ್ಳಲಿಲ್ಲ ಯಾಕೆ ಅಂತ ಅವನನ್ನ ಕೇಳಿದವರು ಬಹಳ ಜನ.

ಜಾನ್‌ಗೆ ಕೆಂಡದಂಥ ಸಿಟ್ಟು. ಸಿಐಎ ಮುಖ್ಯಸ್ಥ ಅಲನ್ ಡಲ್ಲೆಸ್‌ನ ಕಿತ್ತು ಹಾಕಿ ಅಂತ ಅಪ್ಪನಿಗೆ ಹೇಳಿದ. ಅಪ್ಪ ಮಗನ ಮೇಲೇ ಹರಿಹಾಯ್ದರು, ಕೈಕೆಳಗಿನವರ ತಲೆಗೆ ತಪ್ಪು ಕಟ್ಟೋನು ನಾನಲ್ಲ ಅಂತ. ಪೈಲಟ್ ಜೀವಂತ ಸಿಗಲ್ಲ ಅಂತ ಮಾತು ಕೊಟ್ಟವರು ಆಮೇಲೆ ಅವನಿಗೆ ಪ್ಯಾರಾಚೂಟ್ ಯಾಕೆ ಕೊಟ್ರು ಅಂತ ಜಾನ್ ಮುಂದೆ ಬೈಗುಳ ಸೇರಿಸಿ ಹೇಳಿದ್ದೂ ದಾಖಲಾಗಿದೆ.

ಮೊದಲ ಸಲ ಓದಿದಾಗ ಎಂಥಾ ಕಲ್ಲು ಮನಸ್ಸು ಇವನದು ಅನ್ಸ್ತು. ಒಬ್ಬ ಮನುಷ್ಯ ಬದುಕಿ ಬಂದಿದ್ದಾನೆ, ಅದಕ್ಕೆ ಸಿಟ್ಟಾ? ಷಿಕಾಗೋದ ಮಾತು ಗೊತ್ತಾದ ಮೇಲೆ ಅದೇ ವಾಕ್ಯ ಬೇರೆ ಥರ ಕೇಳಿಸ್ತು. ಪವರ್ಸ್ ಏನು ಮಾಡ್ಲಿಲ್ಲವೋ ಅದನ್ನ ಮಾಡ್ತೀನಿ ಅಂತ ಎಂಟು ವರ್ಷದ ಹಿಂದೆ ಸ್ವಂತ ಅಪ್ಪನಿಗೆ ಮಾತು ಕೊಟ್ಟವನು ಇವನು. ಇನ್ನೊಬ್ಬರಿಂದಲೂ ಅದನ್ನೇ ನಿರೀಕ್ಷಿಸಿದ. ಸರಿ ಅಂತ ನಾನು ಹೇಳಲ್ಲ, ಪವರ್ಸ್ ಕೂಡ ಯಾರದೋ ಮಗ ತಾನೇ. ಆದ್ರೆ ಆ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತಾಯ್ತು.

ಭಾಗ 9, ಕೊನೆಯದು

1963ರಲ್ಲಿ ಜಾನ್ ಸಕ್ರಿಯ ಸೇವೆ ಬಿಟ್ಟು ಹೊರಗೆ ಬಂದ, ಲೆಫ್ಟಿನೆಂಟ್ ಕರ್ನಲ್ ದರ್ಜೆಯಲ್ಲಿ. ಆಮೇಲೆ ಮೀಸಲು ಪಡೆಯಲ್ಲಿ ಬ್ರಿಗೇಡಿಯರ್ ಜನರಲ್ ಆದ. 1969ರಿಂದ 1971ರವರೆಗೆ ಬೆಲ್ಜಿಯಂಗೆ ರಾಯಭಾರಿ. ಉಳಿದಿದ್ದೆಲ್ಲ ಬರವಣಿಗೆ. ಆರ್ಡೆನ್ಸ್ ಕಾಡಿನ ಯುದ್ಧದ ಬಗ್ಗೆ ಬರೆದ 'ದ ಬಿಟರ್ ವುಡ್ಸ್' ಹೆಸರು ಮಾಡ್ತು. ಅಮೆರಿಕ-ಮೆಕ್ಸಿಕೋ ಯುದ್ಧ, ಮೊದಲ ಮಹಾಯುದ್ಧ, ಹೀಗೆ ಒಂದಾದ ಮೇಲೊಂದು ಮಿಲಿಟರಿ ಇತಿಹಾಸದ ಪುಸ್ತಕಗಳು. ಅಪ್ಪ ಅಮ್ಮನಿಗೆ ಯುದ್ಧದ ಕಾಲದಲ್ಲಿ ಬರೆದ ಪತ್ರಗಳನ್ನೂ ಸಂಪಾದಿಸಿದ. ಚುನಾವಣೆಗೆ ಮಾತ್ರ ಒಂದ್ಸಲವೂ ನಿಲ್ಲಲಿಲ್ಲ. ಆ ಸರ್‌ನೇಮ್ ಇಟ್ಕೊಂಡು ನಿಲ್ಲದೇ ಇರೋದಕ್ಕೂ ಗಟ್ಟಿ ಮನಸ್ಸು ಬೇಕು, ನಮ್ಮ ಕಡೆ ನೋಡಿದವರಿಗೆ ಗೊತ್ತು.

2008ರ ಸೆಪ್ಟೆಂಬರ್. ಇಲ್ಲಿಂದ ಏಕವಚನ ಬೇಡ, 86 ವರ್ಷದ ಅಜ್ಜ ಅವರು. ಅಮೆರಿಕದಲ್ಲಿ ಚುನಾವಣೆ ನಡೀತಿತ್ತು. ಮ್ಯಾಕೇನ್, ಪೇಲಿನ್, ಬೈಡನ್, ಮೂವರ ಗಂಡುಮಕ್ಕಳೂ ಸೇನೆಯಲ್ಲಿದ್ದರು. ಆಗ ಜಾನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ಷಿಕಾಗೋದ ಹೋಟೆಲಿನ ಮಾತನ್ನ ಓದುಗರ ಮುಂದೆ ಇಟ್ಟಿದ್ದು ಅಲ್ಲೇ. ಮತ್ತು ಅವರು ಹೇಳಿದ್ದು: ಅಧ್ಯಕ್ಷ, ಉಪಾಧ್ಯಕ್ಷರ ಮಕ್ಕಳನ್ನ ಯುದ್ಧರಂಗಕ್ಕೆ ಕಳಿಸಬಾರದು. ತಾನು ಹೋಗಿದ್ದೂ ಸರಿಯಲ್ಲ.

ನೋಡಿ, ಹೇಡಿ ಹೇಳೋ ಮಾತಲ್ಲ ಇದು. ಹೋಗಿ ಬಂದವರು ಹೇಳಿದ್ದು, ಐವತ್ತಾರು ವರ್ಷ ಯೋಚನೆ ಮಾಡಿ.

ಮ್ಯಾಕೇನ್ ಕಥೆಯನ್ನೇ ತಗೊಳ್ಳಿ. 1967ರಲ್ಲಿ ಹನೋಯ್ ಮೇಲೆ ಅವರ ವಿಮಾನ ಬಿತ್ತು, ವಿಯೆಟ್ನಾಂ ಸೆರೆಯಲ್ಲಿ ಐದೂವರೆ ವರ್ಷ. ಅಪ್ಪ ನೌಕಾಪಡೆಯ ಅಡ್ಮಿರಲ್, 1968ರಲ್ಲಿ ಇಡೀ ಪೆಸಿಫಿಕ್ ಪಡೆಗಳ ಮುಖ್ಯಸ್ಥರಾದರು. ಅದೇ ಸಮಯಕ್ಕೆ ವಿಯೆಟ್ನಾಂನವರು, ನಿನ್ನನ್ನ ಬಿಡ್ತೀವಿ ಮನೆಗೆ ಹೋಗು ಅಂದರು. ತನಗಿಂತ ಮೊದಲು ಸೆರೆಯಾದವರು ಮೊದಲು ಹೋಗಲಿ ಅಂತ ಅವರು ಒಪ್ಪಲಿಲ್ಲ. ಆಮೇಲೆ ಸಿಕ್ಕಿದ್ದು ಚಿತ್ರಹಿಂಸೆ. ಅಂದ್ರೆ ಸರ್‌ನೇಮ್ ನೋಡಿ ಬೆಲೆ ಕಟ್ಟೋದು ಬರೀ ಭಯ ಆಗಿರಲಿಲ್ಲ, ನಿಜವಾಗಿಯೂ ನಡೀತು.

ನನಗೆ ಜಾನ್ ಅಜ್ಜನ ಮಾತು ಅರ್ಧ ಒಪ್ಪಿಗೆ. ಅಧ್ಯಕ್ಷರ ಮಗ ಮುಂದಿನ ಸಾಲಲ್ಲಿದ್ರೆ ಅವನ ಅಕ್ಕಪಕ್ಕದ ಸೈನಿಕರಿಗೂ ಅಪಾಯ ಜಾಸ್ತಿ. ಅವನನ್ನ ಹಿಡಿಯೋಕೆ ಶತ್ರು ಬಂದ್ರೆ ಮೊದಲು ಸಾಯೋರು ಅವರೇ, ಮತ್ತೆ ಅವರನ್ನ ಈ ಬಗ್ಗೆ ಯಾರೂ ಕೇಳಿರಲ್ಲ. ಒಪ್ಪದೇ ಇರೋ ಅರ್ಧ ಏನಂದ್ರೆ, ಅಧ್ಯಕ್ಷರ ಮಗ ಹೋಗಬಾರದು ಅಂತ ರೂಲ್ ಮಾಡಿದ್ರೆ ನಾಳೆ ಮಂತ್ರಿ ಮಗ, ನಾಡಿದ್ದು ಶಾಸಕರ ಮಗ, ಆಚೆ ನಾಡಿದ್ದು ಜಿಲ್ಲಾ ಪಂಚಾಯ್ತಿ ಸದಸ್ಯರ ಮಗ. ಕೊನೆಗೆ ಉಳಿಯೋದು ನಮ್ಮ ಬೀದಿಯ ಹುಡುಗರು. ನನ್ನ ಜೊತೆ ಪಿಯುಸಿ ಓದಿದ ಇಬ್ಬರು ಈಗ ಅಗ್ನಿವೀರರು. ಅವರ ಅಪ್ಪಂದಿರ ಹತ್ರ ಹೀಗೆ ಹೋಟೆಲ್ ರೂಮಲ್ಲಿ ಕೂತು ಯಾರೂ ಷರತ್ತು ಮಾತಾಡಲ್ಲ.

ಈ ವಾದವನ್ನ ನಮ್ಮ ತಾತನಿಗೂ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಅವರಪ್ಪ ಒಂದು ಮಾತಾದ್ರೂ ಕೇಳಿದ್ನಲ್ಲ" ಅಂದು ವಾಲ್ಯೂಮ್ ಜಾಸ್ತಿ ಮಾಡಿದ್ರು.

ಜಾನ್ ಐಸೆನ್‌ಹೋವರ್ ತೀರಿಕೊಂಡಿದ್ದು 2013ರ ಡಿಸೆಂಬರ್ 21ರಂದು, ಮೇರಿಲ್ಯಾಂಡ್‌ನ ಟ್ರ್ಯಾಪ್‌ನಲ್ಲಿ, 91ನೇ ವಯಸ್ಸಲ್ಲಿ. ಸಮಾಧಿ ವೆಸ್ಟ್ ಪಾಯಿಂಟ್‌ನಲ್ಲಿ.

ಆ ಕಾಮೆಂಟ್ ಹಾಕಿದ್ದವರು ಇದನ್ನ ಓದ್ತಿದ್ರೆ ಕೆಳಗೆ ಬರೀರಿ, ಜಗಳ ಆಡೋಣ. ನಾನು ಒತ್ತಿದ್ದ ಹಾರ್ಟ್ ಇನ್ನೂ ತೆಗೆದಿಲ್ಲ. ಮುಂದಿನ ಸರಣಿ ಜನರಲ್ ತಿಮ್ಮಯ್ಯ ಮತ್ತು ಕೊರಿಯಾದ ಕೈದಿಗಳ ಬಗ್ಗೆ, ಸೆಕೆಂಡ್ ಇಂಟರ್ನಲ್ಸ್ ಮುಗಿದ ಮೇಲೆ.